ಒಳಚಿಲಕವಿಲ್ಲದ ಬಾಗಿಲು

ಸಂಜೆ ಐದು ಗಂಟೆ ಹತ್ತು ನಿಮಿಷ. ಇದು ಅಂದಾಜಿನ ಮಾತಲ್ಲ. ಎರಡನೇ ತರಗತಿಯ ಮಕ್ಕಳು ರಟ್ಟಿನಲ್ಲಿ ಕತ್ತರಿಸಿ ಮಾಡಿದ ಗಡಿಯಾರಗಳನ್ನು ವರಾಂಡದ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ನಾನು ಕೈಗಡಿಯಾರ ನೋಡಿ, "ಎಲ್ಲಾರೂ ಮುಳ್ಳು ತಿರುಗಿಸ್ರಿ, ಐದು ಹತ್ತು" ಎಂದು ಹೇಳಿದ್ದೆ, ಅವರು ತಿರುಗಿಸಿ ಇನ್ನೂ ಕೈ ತೆಗೆದಿರಲಿಲ್ಲ. ಐದನೇ ತರಗತಿಯ ಹುಡುಗಿಯೊಬ್ಬಳು, ಮಗ್ಗಿ ಒಪ್ಪಿಸುವಾಗ ಇರುವಷ್ಟೇ ಸಾದಾ ದನಿಯಲ್ಲಿ, "ಟೀಚರ್ರೀ, ಕರಡಿ ಐತಿ" ಅಂದಳು.

ಅವಳ ಕಂಕುಳಲ್ಲಿ ಕರಿ ಉಣ್ಣೆಯಲ್ಲಿ ಮಾಡಿದ ಕರಡಿ ಇತ್ತು. ಐದನೇ ತರಗತಿಯವರ ಕೆಲಸ ಅದು. ಅದನ್ನೇ ತೋರಿಸುತ್ತಿದ್ದಾಳೆ ಅಂದುಕೊಂಡು, "ಹೂಂ, ನೋಡೀನಿ, ಚೆಂದ ಆಗೈತಿ" ಅಂದೆ.

"ಇದಲ್ರಿ" ಎಂದು ಅವಳು ಗಲ್ಲ ಎತ್ತಿ ಕಾಂಪೌಂಡಿನ ಕಡೆ ತೋರಿಸಿದಳು.

ಹಿಂದಿನ ಮಳೆಗಾಲಕ್ಕೆ ಕುಸಿದ ಗೋಡೆಯ ಸಂದಿನಲ್ಲಿ ಅದು ನಿಂತಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಮೂಗು ಮೇಲೆ ಮಾಡಿ ಗಾಳಿ ಹಿಡಿಯುತ್ತಿತ್ತು.

ಶಾಲೆ ಕೂಡ್ಲಿಗಿ ತಾಲ್ಲೂಕಿನಲ್ಲಿ, ಗುಡ್ಡದ ಬುಡದ ಒಂದು ಸಣ್ಣ ಊರಿನದು. ಒಂದರಿಂದ ಐದನೇ ತರಗತಿವರೆಗೆ ಇದೆ. ಹೆಡ್‌ಮಾಸ್ತರು ಒಬ್ಬರು, ಬಿಸಿಯೂಟ ಮಾಡುವ ಅಕ್ಕ ಒಬ್ಬರು, ಅತಿಥಿ ಶಿಕ್ಷಕಿ ನಾನು. ನನ್ನದು ಕೊಟ್ಟೂರು. ಹಗರಿಬೊಮ್ಮನಹಳ್ಳಿಯಲ್ಲಿ ಬಿ.ಎ., ಹರಪನಹಳ್ಳಿಯಲ್ಲಿ ಬಿ.ಇಡಿ. ಓದಿ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಕೂಡ್ಲಿಗಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಆ ಊರು ಸೇರುತ್ತಿದ್ದೆ. ಆ ಊರಲ್ಲಿ ಕರಡಿ ಎಂಬುದು ಹೊಸ ಮಾತೇನಲ್ಲ. ಹೊಲದಲ್ಲಿ ಹೆಜ್ಜೆ ಕಂಡಿತು, ಬಾರೆ ಹಣ್ಣಿನ ಗಿಡದ ಕೆಳಗೆ ಕಂಡಿತು ಎಂದು ಮಕ್ಕಳು ಹಾಜರಿ ಕೂಗುವಾಗಲೇ ವರದಿ ಒಪ್ಪಿಸುತ್ತಿದ್ದರು. ಆದರೆ ಅದು ಶಾಲೆಯೊಳಗೆ, ಅದೂ ಹಗಲಲ್ಲಿ, ಬಂದದ್ದಿಲ್ಲ. ಬರುವಂತೆ ಮಾಡಿದವಳು ನಾನು.

ಮರುದಿನ ಮಕ್ಕಳ ಕೈಕೆಲಸದ ಪ್ರದರ್ಶನ ಇತ್ತು. ಪ್ರತಿ ತರಗತಿಗೂ ಅದರ ವಯಸ್ಸಿಗೆ ತಕ್ಕ ಒಂದು ಕೆಲಸ ಕೊಟ್ಟಿದ್ದೆ. ಒಂದನೆಯವರಿಗೆ ಗೋಡೆಗೆ ಬಳಿಯುವ ಕೆಂಪು ಜಾಜನ್ನು ಕದಡಿ ಹಳೇ ಬಿಳಿ ಪಂಚೆಯ ಮೇಲೆ ಅಂಗೈ ಒತ್ತುವುದು. ಎರಡನೆಯವರಿಗೆ ಗಡಿಯಾರ. ಮೂರನೆಯವರು ಕೆರೆಯ ಜೇಡಿಮಣ್ಣಿನಲ್ಲಿ ಕುರಿ ಮಾಡಿ, ತಮ್ಮ ತಮ್ಮ ಮನೆಯ ಕುರಿಗೆ ಹಚ್ಚುವ ಬಣ್ಣದ ಗುರುತನ್ನೇ ಅದರ ಬೆನ್ನಿಗೂ ಹಚ್ಚಿದ್ದರು. ಯಾರ ಕುರಿ ಯಾವುದು ಎಂದು ನಾನು ಚೀಟಿ ಬರೆಯಬೇಕಾದ ಕೆಲಸವೇ ಇರಲಿಲ್ಲ. ನಾಲ್ಕನೆಯವರದು ಊರ ಗುಡ್ಡ. ರಟ್ಟಿನ ಹಂದರದ ಮೇಲೆ ಬಂಡೆಗಳ ಬದಲು ಶೇಂಗಾ ಬೀಜ ಅಂಟಿಸಬೇಕು. ಅಂಗಡಿಯ ಗೋಂದು ಗಡಿಯಾರಗಳಿಗೇ ಮುಗಿದಿತ್ತು. ಮೈದಾ ಸರಿಗೆ ಬೀಜ ನಿಲ್ಲಲಿಲ್ಲ, ಜಾರಿ ಜಾರಿ ಬಿದ್ದವು. ಆಗ ನಾನೇ, ಚಿಕ್ಕಿಗೆ ಹಿಡಿಯುವ ಹಾಗೆ ಬೆಲ್ಲದ ಪಾಕ ಹಿಡಿದರೆ ಹೇಗೆ ಎಂದೆ.

ಅಡುಗೆ ಅಕ್ಕ ದೊಡ್ಡ ಬೋಗುಣಿಯಲ್ಲಿ ಪಾಕ ಹಿಡಿದು ತಂದಿಟ್ಟಳು. "ಇರುವಿ ಮುತ್ತತಾವ ನೋಡ್ರಿ ಟೀಚರಮ್ಮ, ಆಮ್ಯಾಲೆ ನನಗ ಅನ್ನಬ್ಯಾಡ್ರಿ" ಅಂದಳು. ಅದಕ್ಕೆ ನಾವು ಗುಡ್ಡದ ಸುತ್ತ ಅರಿಶಿನದ ಗೆರೆ ಎಳೆದೆವು. ಒಂದೂ ಇರುವೆ ಬರಲಿಲ್ಲ. ಮೂರು ದಿನ ವರಾಂಡದ ಬಿಸಿಲಲ್ಲಿ ಆ ಗುಡ್ಡ ಒಣಗಿತು. ಹುರಿದ ಶೇಂಗಾ, ಹೊಸ ಬೆಲ್ಲ. ಶಾಲೆಯೆಲ್ಲ ಘಮಘಮ ಅನ್ನುತ್ತಿತ್ತು, ಹೆಡ್‌ಮಾಸ್ತರು ಸಹ ಓಡಾಡುವಾಗ ಒಂದೆರಡು ಬೀಜ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ವಾಸನೆ ಆಚೆಯ ನಿಜವಾದ ಗುಡ್ಡದವರೆಗೂ ಹೋಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವತ್ತು ಹೆಡ್‌ಮಾಸ್ತರು ಮೀಟಿಂಗಿಗೆಂದು ಕೂಡ್ಲಿಗಿಗೆ ಹೋಗಿದ್ದರು. ಕೊನೆಯ ಕೆಲಸಗಳಿಗೆ ಹದಿಮೂರು ಮಕ್ಕಳನ್ನು ಉಳಿಸಿಕೊಂಡಿದ್ದೆ. ಅದರಲ್ಲಿ ಒಂದನೇ ತರಗತಿಯವಳು ಒಬ್ಬಳೇ. ಜ್ವರ ಬಂದು ವಾರ ತಪ್ಪಿಸಿಕೊಂಡಿದ್ದರಿಂದ ಪಂಚೆಯ ಮೇಲೆ ಅವಳ ಅಂಗೈ ಮಾತ್ರ ಬಾಕಿ ಇತ್ತು. ಜಾಗ ಬಿಟ್ಟಿದ್ದೆ. ಅವಳು ಕೈಯನ್ನು ಮಣಿಕಟ್ಟಿನವರೆಗೂ ಜಾಜಿನಲ್ಲಿ ಅದ್ದಿಬಿಟ್ಟಳು, ಪಂಚೆಯ ಮೇಲೆ ಹನಿ ಬೀಳತೊಡಗಿತು. "ಹೋಗು, ನಳದಾಗ ತೊಳಕೊಂಡು ಬಾ, ಮತ್ತ ಹಚ್ಚೋಣು" ಎಂದು ಕಳಿಸಿದೆ. ನಳ ಮೈದಾನದ ಆ ತುದಿಯಲ್ಲಿ, ಬೇವಿನ ಗಿಡದ ಕೆಳಗೆ. ಅದರ ಪಕ್ಕ ಶೌಚಾಲಯ. ಅವಳು ಎರಡೂ ಕೈ ಮುಂದೆ ಚಾಚಿಕೊಂಡು ನಡೆದು ಹೋದದ್ದನ್ನು ನೋಡಿದ್ದೆ. ಇದು ಐದು ಹತ್ತಕ್ಕೆ ಒಂದೆರಡು ನಿಮಿಷ ಮೊದಲು.

ಕರಡಿ ಒಳಗೆ ಕಾಲಿಟ್ಟಿತು. ನಾನು ಮಕ್ಕಳನ್ನು ಒಂದನೇ ತರಗತಿಯ ಕೋಣೆಯೊಳಗೆ ತಳ್ಳಿದೆ. ತಳ್ಳುವಾಗ ಒಂದೊಂದೇ ತಲೆ ಮುಟ್ಟಿ ಎಣಿಸಿದೆ. ಹನ್ನೆರಡು. ಬಾಗಿಲು ಹಾಕಿದೆ.

ಹಾಕಿದ ಮೇಲೆ ಚಿಲಕಕ್ಕೆ ಕೈ ಹೋಯಿತು. ಅಲ್ಲಿ ಚಿಲಕ ಇರಲಿಲ್ಲ. ನಾಲ್ಕು ತೂತು ಮಾತ್ರ ಇದ್ದವು. ಹಿಂದಿನ ವರ್ಷ ಒಂದನೇ ತರಗತಿಯವರು ಆಟಕ್ಕೆ ಒಳಗಿಂದ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ ಅತ್ತು ಕರೆದು ಊರೇ ಸೇರಿತ್ತಂತೆ. ಮರುದಿನವೇ ಹೆಡ್‌ಮಾಸ್ತರು ಸ್ಕ್ರೂ ಬಿಚ್ಚಿಸಿ ಚಿಲಕವನ್ನು ಬೀರುವಿನಲ್ಲಿ ಎತ್ತಿಟ್ಟರು. ಹೊರಗಿನ ಚಿಲಕ ಮಾತ್ರ ಉಳಿಯಿತು. ದಿನಾ ಹೊರಗಿಂದ ಹಾಕುತ್ತಿದ್ದ ನನಗೆ ಒಳಗೊಂದು ಚಿಲಕ ಬೇಕು ಎಂದು ಒಮ್ಮೆಯೂ ಅನಿಸಿರಲಿಲ್ಲ.

ಎರಡು ಡೆಸ್ಕುಗಳನ್ನು ಬಾಗಿಲಿಗೆ ಒತ್ತಿಟ್ಟು, ಅದಕ್ಕೆ ಬೆನ್ನು ಕೊಟ್ಟು ಕೂತೆ. ಫೋನು ಆಫೀಸ್ ಕೋಣೆಯಲ್ಲಿ ಚಾರ್ಜಿಗೆ ಹಾಕಿದ್ದೆ.

"ಟೀಚರ್ರೀ, ಆಕಿ ಹೊರಗದಾಳ" ಎಂದಳು ಐದನೇ ತರಗತಿಯವಳು. ಚಿಕ್ಕವಳ ಪಕ್ಕದ ಮನೆಯವಳು ಅವಳು. ದಿನಾ ಕೈ ಹಿಡಿದು ಶಾಲೆಗೆ ಕರೆತರುವವಳು.

"ಗೊತ್ತೈತಿ" ಅಂದೆ.

ಅವಳು ಡೆಸ್ಕು ಎಳೆಯಲು ಬಂದಳು. ನಾನು ಅವಳ ರಟ್ಟೆ ಹಿಡಿದೆ. ಎಷ್ಟು ಬಿಗಿ ಹಿಡಿದಿದ್ದೆನೆಂದರೆ, ಮರುದಿನ ಅವಳ ತೋಳಿನ ಮೇಲೆ ನನ್ನ ಬೆರಳಿನ ಗುರುತು ಇತ್ತು. ಅವಳು ನನ್ನ ಮುಖ ನೋಡಿದಳು, ಬಿಡಿಸಿಕೊಳ್ಳುವುದನ್ನು ನಿಲ್ಲಿಸಿದಳು. "ಕರಡಿ ಮುಂದ ಓಡಬಾರ್ದಂತ ಆಕಿಗೆ ಗೊತ್ತೈತ್ರಿ. ಅವರಪ್ಪ ಹೇಳ್ಯಾನ" ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

ವರಾಂಡದಲ್ಲಿ ಉಸಿರಿನ ಸದ್ದು ಬಂತು. ಬಿಸಿಯೂಟದ ಕುಕ್ಕರಿನಿಂದ ಹಬೆ ಬಿಟ್ಟ ಹಾಗೆ, ಬಿಟ್ಟು ಬಿಟ್ಟು. ಆಮೇಲೆ ರಟ್ಟು ಹರಿಯುವ ಸದ್ದು. ಆಮೇಲೆ ತಿನ್ನುವ ಸದ್ದು.

"ಗುಡ್ಡ ತಿನ್ನಾಕತ್ತೈತಿ" ಎಂದು ನಾಲ್ಕನೆಯವನೊಬ್ಬ ಪಿಸುಗುಟ್ಟಿದ.

"ನಮ್ಮ ಕರಡಿ ನೋಡಿ ಬಂದೈತಿ ಅನ್ಸತೈತಿ" ಎಂದ ಇನ್ನೊಬ್ಬ, ಐದನೇ ತರಗತಿಯವನು.

"ಸುಮ್ಕಿರಲೇ. ನಿಮ್ದು ಕರಡಿ ಹಂಗ ಎಲ್ಲೈತಿ, ನಾಯಿ ಹಂಗೈತಿ."

ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು, ಎರಡನ್ನೂ ನುಂಗಿದೆ.

ಕೋಣೆಗೆ ಒಂದೇ ಕಿಟಕಿ. ಸರಳಿನ ಸಂದಿಯಿಂದ ನೋಡಿದರೆ ನಳ ಕಾಣುತ್ತದೆ, ಶೌಚಾಲಯದ ಹಿಂಗೋಡೆ ಕಾಣುತ್ತದೆ, ಬಾಗಿಲು ಕಾಣುವುದಿಲ್ಲ. ನಳದ ಹತ್ತಿರ ಯಾರೂ ಇರಲಿಲ್ಲ. ಹೆಸರು ಹಿಡಿದು ಕೂಗಿದರೆ, ನನ್ನ ದನಿ ಕೇಳಿ ಅವಳು ಓಡಿ ಬರುತ್ತಾಳೆ, ವರಾಂಡ ದಾಟದೆ ಈ ಬಾಗಿಲಿಗೆ ಬರಲಾಗದು. ಕೂಗದಿದ್ದರೆ, ಅವಳಿಗೆ ಏನೂ ತಿಳಿಯದೆ ಕೈ ತೊಳೆದುಕೊಂಡು ತನ್ನ ಪಾಡಿಗೆ ತಾನು ನಡೆದು ಬರುತ್ತಾಳೆ. ಬಾಯಿ ತೆರೆಯುವುದು, ಮುಚ್ಚುವುದು, ಇಷ್ಟೇ ಮಾಡುತ್ತಿದ್ದೆ. ಊರು ಕೂಗಳತೆಗಿಂತ ದೂರ. ಶೇಂಗಾ ಬಿಡಿಸುವ ಕಾಲ, ದೊಡ್ಡವರೆಲ್ಲ ಹೊಲದಲ್ಲಿ.

ಎರಡನೇ ತರಗತಿಯ ಹುಡುಗನೊಬ್ಬ ತನ್ನ ಗಡಿಯಾರವನ್ನು ಎದೆಗೆ ಅವುಚಿಕೊಂಡೇ ಒಳಗೆ ಬಂದಿದ್ದ. ಸ್ವಲ್ಪ ಹೊತ್ತಿಗೊಮ್ಮೆ ನನ್ನ ಮೊಣಕೈ ಮುಟ್ಟಿ, "ಈಗ ಎಷ್ಟ್ರೀ?" ಎಂದು ಕೇಳುವನು. ಹೇಳಿದರೆ ಮುಳ್ಳು ತಿರುಗಿಸುವನು. ಐದು ಇಪ್ಪತ್ತು. ಐದು ಇಪ್ಪತ್ತೆಂಟು. ಆರಕ್ಕೆ ಹತ್ತು ಕಡಿಮೆ. ಅವನು ಕೇಳದಿದ್ದರೆ ಇಷ್ಟೊಂದು ನೆನಪು ಉಳಿಯುತ್ತಿರಲಿಲ್ಲವೇನೋ. ಈಗ ಆ ನಿಮಿಷಗಳೆಲ್ಲ ಬೇರೆ ಬೇರೆಯಾಗಿ ನನ್ನಲ್ಲಿವೆ.

ಒಮ್ಮೆ ಕರಡಿ ಬಾಗಿಲಿಗೆ ಬಂತು. ಕೆಳಗಿನ ಸಂದಿಗೆ ಮೂಗು ಹಚ್ಚಿ ಎಳೆದ ಉಸಿರಿಗೆ ಒಳಗಿನ ಧೂಳು ಸರಿದಾಡಿತು. ಬಾಗಿಲು ಒಂದು ಬೆರಳಿನಷ್ಟು ಒಳಬಂತು. ಹೇಳದೆಯೇ ಎಲ್ಲ ಮಕ್ಕಳೂ ಬಂದು ಡೆಸ್ಕಿಗೆ ಒರಗಿ ಕೂತರು. ಬಿದ್ದ ಬೀಜಗಳನ್ನು ಮತ್ತೆ ಅಂಟಿಸುವಾಗ ನನ್ನ ಕೈಗೆಲ್ಲ ಬೆಲ್ಲದ ಪಾಕ ಮೆತ್ತಿದ್ದು ಆಗ ಗಮನಕ್ಕೆ ಬಂತು. ಸೀರೆಗೆ ಒರೆಸಿಕೊಂಡೆ, ಹೋಗಲಿಲ್ಲ. ಕರಡಿ ಒಮ್ಮೆ ಉಗುರಿನಿಂದ ಬಾಗಿಲು ಗೀರಿತು. ಮತ್ತೆ ಬೆಲ್ಲದ ಗುಡ್ಡಕ್ಕೇ ಹಿಂತಿರುಗಿತು.

ಆರೂ ಇಪ್ಪತ್ತಕ್ಕೆ ಅಡುಗೆ ಅಕ್ಕನ ದನಿ ಗೇಟಿನಿಂದ ಕೇಳಿತು. ಪಾತ್ರೆ ಕೋಣೆಗೆ ಬೀಗ ಹಾಕಲು ಬಂದವಳು ಕಂಡು, ಕಿರುಚದೆ ಹಾಗೇ ಹಿಂದಕ್ಕೆ ನಡೆದು, ಹೊಲದಿಂದ ಬರುತ್ತಿದ್ದವರನ್ನು ಕೂಡಿಸಿದಳಂತೆ. ಡಬ್ಬ ಬಡಿಯುವ ಸದ್ದು, ಪಟಾಕಿ, ನಾಯಿಗಳು. ಅದು ಬಂದ ಸಂದಿಯಿಂದಲೇ ಗುಡ್ಡದ ಕಡೆ ಹೋಯಿತು ಎಂದರು. ನಾನು ನೋಡಲಿಲ್ಲ. ಡೆಸ್ಕು ಎಳೆದು ನಳದ ಕಡೆ ಓಡುತ್ತಿದ್ದೆ.

ಶೌಚಾಲಯದ ಬಾಗಿಲು ಒಳಗಿಂದ ಹಾಕಿತ್ತು. ತಟ್ಟಿದೆ. "ನಾನವ್ವಾ, ಟೀಚರ್. ಬಾಗ್ಲಾ ತಗಿ." ಒಳಗೆ ಬಳೆಯ ಸದ್ದಾಯಿತು. ಚಿಲಕ ತೆಗೆಯಲಿಲ್ಲ. ಐದನೇ ತರಗತಿಯವಳು ಕರೆದಳು, ತೆಗೆಯಲಿಲ್ಲ. ಅಡುಗೆ ಅಕ್ಕ ಕರೆದಳು. ಕೊನೆಗೆ ಅವಳ ಅವ್ವ ಬಂದು, "ಏ ಬಂಗಾರಾ, ನಾ ಬಂದೀನಿ" ಎಂದಾಗ ಚಿಲಕ ಜಾರಿತು.

ಅವಳಿಗೆ ಏನೂ ಆಗಿರಲಿಲ್ಲ. ಅವ್ವನ ಸೊಂಟಕ್ಕೆ ಮುಖ ಒತ್ತಿಕೊಂಡಳು. ನಾನು ಟಾರ್ಚಿನ ಬೆಳಕಲ್ಲಿ ಬಾಗಿಲಿನ ಒಳಬದಿ ನೋಡಿದೆ. ಚಿಲಕ ಎತ್ತರದಲ್ಲಿತ್ತು, ತುಕ್ಕು ಹಿಡಿದಿತ್ತು. ಅದರ ಕೆಳಗೆ, ಪಕ್ಕದಲ್ಲಿ, ಒಂದರ ಮೇಲೊಂದು ಜಾರಿದ ಕೆಂಪು ಅಂಗೈಗಳು. ಅವಳು ಎಗರಿ ಎಗರಿ ಅದನ್ನು ದೂಡಿದ್ದಳು. ಕೈ ತೊಳೆಯಲು ಅವಳಿಗೆ ಪುರಸೊತ್ತು ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ತರು ಬೈಕಿನಲ್ಲಿ ಬಂದಿದ್ದರು. ಅವಳ ಅವ್ವ ನನ್ನ ಕಡೆ ತಿರುಗಿ ಕೇಳಿದಳು. "ಎಲ್ಲಾರೂ ಒಳಗಿದ್ರು. ಇಕಿ ಒಬ್ಬಾಕಿ ಹೆಂಗ ಹೊರಗ ಉಳದ್ಲು ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ತರು, "ಗಡಿಬಿಡಿಯಾಗ ಅವರಿಗೆ ಗೊತ್ತಾಗಿಲ್ಲ ಬಿಡಮ್ಮ. ದೇವರು ದೊಡ್ಡಾವ" ಅಂದರು.

ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಹೌದೆಂದು ತಲೆ ಆಡಿಸಿದೆ. ಪಕ್ಕದಲ್ಲಿ ಐದನೇ ತರಗತಿಯವಳು ತನ್ನ ರಟ್ಟೆ ಉಜ್ಜಿಕೊಳ್ಳುತ್ತ ನಿಂತಿದ್ದಳು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕೊಟ್ಟೂರಿನ ನಮ್ಮ ಮನೆಯ ಬಾಗಿಲಿಗೆ ಎರಡು ಚಿಲಕ, ಒಂದು ಅಡ್ಡಗೋಲು. ಆದರೂ ಎದ್ದು ಹೋಗಿ ಮುಟ್ಟಿ ಬರುತ್ತಿದ್ದೆ. "ನಿದ್ದಿಗಣ್ಣಾಗ ಏನ ಎಣಸ್ತಿಯೇ ಪ್ರತಿ ದಿನಾ? ಹನ್ನೆರಡಕ್ಕ ನಿಂತುಬಿಡ್ತಿ" ಎಂದು ನಮ್ಮವ್ವ ಕೇಳಿದಳು. ಹಗಲಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಅದನ್ನೇ ಮತ್ತೆ ಮೊದಲಿಂದ ನಡೆಸುತ್ತಿದ್ದೆ. ಒಂದು ಸಲ ಕೂಗುತ್ತಿದ್ದೆ. ಒಂದು ಸಲ ಬಾಗಿಲಿಗೆ ಹೊರಗಿನ ಚಿಲಕ ಹಾಕಿ ನಳದ ಕಡೆ ಓಡುತ್ತಿದ್ದೆ. ಒಂದು ಸಲ ಬೆಲ್ಲದ ಬದಲು ಮೇಣ ತರುತ್ತಿದ್ದೆ. ಎಲ್ಲ ಸಲವೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಆ ತಲೆ ಆಡಿಸಿದ ಜಾಗಕ್ಕೆ.

ವಾರದ ನಂತರ ಪ್ರದರ್ಶನ ಆಯಿತು. ಉಳಿದದ್ದನ್ನು ಜೋಡಿಸಿದೆವು. ಗುಡ್ಡ ಇರಲಿಲ್ಲ. ಮಣ್ಣಿನ ಕುರಿಗಳಲ್ಲಿ ಮೂರು ಒಡೆದಿದ್ದವು, ಆದರೆ ಗುರುತು ಇದ್ದುದರಿಂದ ಮಕ್ಕಳು ಚೂರುಗಳಲ್ಲೇ ತಮ್ಮದನ್ನು ಕಂಡುಹಿಡಿದರು. ಉಣ್ಣೆಯ ಕರಡಿಗೆ ಒಂದು ಕೂದಲೂ ಕೊಂಕಿರಲಿಲ್ಲ, ಊರವರೆಲ್ಲ ಅದನ್ನು ಎತ್ತಿ ಎತ್ತಿ ನೋಡಿ ನಕ್ಕರು. ಕಟ್ಟೆಯ ಮೇಲಿದ್ದ ಗಡಿಯಾರಗಳು ಐದು ಹತ್ತನ್ನೇ ತೋರಿಸುತ್ತಿದ್ದವು, ಯಾರೂ ತಿರುಗಿಸಿರಲಿಲ್ಲ. ಪಂಚೆಯಲ್ಲಿ ಒಂದು ಅಂಗೈಯಷ್ಟು ಜಾಗ ಬೆಳ್ಳಗೆ ಉಳಿದಿತ್ತು. ಚಿಕ್ಕವಳು ಬಂದಿರಲಿಲ್ಲ. ಅವತ್ತಿನಿಂದ ಶಾಲೆಗೇ ಬಂದಿರಲಿಲ್ಲ.

ಐದನೇ ತರಗತಿಯವಳು ಕಸ ಗುಡಿಸುತ್ತಿದ್ದಳು. "ಆಕಿ ಯಾಕ ಬರವಲ್ಲಳು?" ಎಂದು ಕೇಳಿದೆ.

"ನಳದ ಹತ್ರ ನಿಂತು ನೋಡ್ಯಾಳಂತ್ರಿ" ಎಂದಳು, ತಲೆ ಎತ್ತದೆ.

"ಕರಡೀನಾ?"

"ಅಲ್ರಿ. ನೀವು ಬಾಗ್ಲಾ ಹಾಕಿದ್ದು."

ಪೊರಕೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವಳೇ, "ನಾ ಯಾರಿಗೂ ಹೇಳಿಲ್ರಿ. ಆಕೀನೂ ಅವರವ್ವಗ ಹೇಳಿಲ್ಲ. ಬೈಸ್ಕೊಂತೀರಿ ಅಂತ" ಅಂದಳು.

ಒಂದನೇ ತರಗತಿಯ ಮಗುವೂ, ಐದನೇ ತರಗತಿಯ ಮಗುವೂ ಸೇರಿ ನನ್ನ ಸುಳ್ಳನ್ನು ಕಾಯುತ್ತಿದ್ದರು.

ಅದೇ ಸಂಜೆ ಅವರ ಮನೆಗೆ ಹೋದೆ. ಚಿಕ್ಕವಳ ಅವ್ವ ಕುರಿ ರೊಪ್ಪದಲ್ಲಿ ಮರಿಗಳನ್ನು ಒಂದೊಂದಾಗಿ ತಾಯಿಗೆ ಬಿಡುತ್ತಿದ್ದಳು. ಚಿಕ್ಕವಳು ನನ್ನನ್ನು ಕಂಡು ಒಳಗೆ ಹೋದಳು. ನಾನು ಮುಳ್ಳಿನ ಬೇಲಿಯ ಈಚೆ ನಿಂತೇ ಹೇಳಿದೆ. ಎಣಿಸಿದ್ದೆ. ಹನ್ನೆರಡು ಇದ್ದದ್ದು ಗೊತ್ತಿತ್ತು. ಅವಳನ್ನು ತೊಳೆಯಲು ಕಳಿಸಿದವಳೂ ನಾನೇ. ಗೊತ್ತಿದ್ದೇ ಬಾಗಿಲು ಹಾಕಿದೆ. ಬೆಲ್ಲದ ಪಾಕವೂ ನನ್ನದೇ.

ಅವಳು ಕೈಯಲ್ಲಿದ್ದ ಮರಿಯನ್ನು ಬಿಡಲಿಲ್ಲ. ಅದು ಒದರುತ್ತಿತ್ತು.

"ಗೊತ್ತಿದ್ದು ಹಾಕಿದ್ರಿ" ಅಂದಳು.

"ಹೂಂ."

"ಮತ್ತ ಅವತ್ತು ಗೊತ್ತಾಗಿಲ್ಲ ಅಂದ್ರಿ."

"ಹೂಂ."

ಮರಿಯನ್ನು ಬಿಟ್ಟಳು. ಇನ್ನೊಂದನ್ನು ಹಿಡಿದಳು. ತೋಳ ಬಂದಾಗ ಒಂದು ಕುರಿ ಹೊರಗುಳಿದರೂ ರೊಪ್ಪದ ಬಾಗಿಲು ಹಾಕುವವರ ಮನೆ ಅದು. ಅದನ್ನು ಅವಳು ಹೇಳಬಹುದೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. "ಕುರಿ ಆದ್ರ ನಾನೂ ಹಾಕ್ತಿದ್ದೆ" ಎಂದಳು ಕೊನೆಗೆ. "ಆಕಿ ನನ್ನ ಮಗಳು." ಎಷ್ಟೋ ಹೊತ್ತು ಮರಿಗಳನ್ನು ಬಿಡುತ್ತಲೇ ಇದ್ದಳು. ನಾನು ಹೋಗಲೂ ಆಗದೆ ನಿಲ್ಲಲೂ ಆಗದೆ ನಿಂತಿದ್ದೆ. ಕೊನೆಯ ಮರಿ ಬಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಕೇಳಿದಳು.

"ಆ ಕೋಣಿಗೆ ಒಳಗ ಚಿಲಕ ಇದ್ದಿದ್ರ ನೀವು ಏನ ಮಾಡ್ತಿದ್ರಿ?"

ನಾನು ಯೋಚಿಸಿದೆ. "ದೊಡ್ಡ ಮಕ್ಕಳಿಗೆ ಹಾಕ್ಕೋರಿ ಅಂತ ಹೇಳಿ, ನಾನು ಆಕಿ ಕಡಿ ಹೋಗ್ತಿದ್ದೆ." ಹೇಳಿದ ಮೇಲೆ, ಇದಾದರೂ ನಿಜವೇ ಎಂದು ನನ್ನನ್ನೇ ಕೇಳಿಕೊಂಡೆ. "ಹೋಗ್ತಿದ್ದೆ ಅನ್ಸತೈತಿ" ಎಂದು ತಿದ್ದಿದೆ.

"ಹಾಕಸ್ರಿ ಮೊದಲು" ಅಂದಳು. "ಸಣ್ಣವಕ್ಕೂ ಕೈಗೆ ಸಿಗಬೇಕು. ಆಮ್ಯಾಲೆ ಕಳಸೋದು ನೋಡ್ತೀನಿ."

ಬೀರುವಿನಲ್ಲಿದ್ದ ಹಳೇ ಚಿಲಕ ಬಿಗಿಯಾಗಿತ್ತು. ಕೂಡ್ಲಿಗಿಯ ಅಂಗಡಿಯಲ್ಲಿ ನಾಲ್ಕಾರು ತೆಗೆಸಿ, ಕಿರುಬೆರಳಲ್ಲಿ ಎಳೆದು ನೋಡಿ, ಎಲ್ಲಕ್ಕಿಂತ ಸಲೀಸಾಗಿ ಜಾರುವುದನ್ನು ತಂದೆ. ಹೆಡ್‌ಮಾಸ್ತರು, "ಮತ್ತ ಒಳಗ ಹಾಕ್ಕೊಂಡು ಕುಂತ್ರ ಯಾರ ಜವಾಬ್ದಾರಿ ಮೇಡಂ?" ಎಂದರು. "ತೆಗೆಯೋದು ಕಲಿಸ್ತೀನಿ ಸರ್" ಎಂದೆ. ಬಡಿಗೇರ ಬಂದು ಎಷ್ಟು ಎತ್ತರಕ್ಕೆ ಎಂದು ಕೇಳಿದಾಗ ನನ್ನ ಸೊಂಟದ ಹತ್ತಿರ ಕೈ ಇಟ್ಟು ತೋರಿಸಿದೆ. ಬಾಗಿಲಿಗೆ ಅಷ್ಟು ಕೆಳಗೆ ಚಿಲಕ ಹೊಡೆದದ್ದು ತನ್ನ ಆಯುಷ್ಯದಲ್ಲೇ ಇಲ್ಲ ಎಂದು ಅವನು ಗೊಣಗಿದ. ಶೌಚಾಲಯದ್ದನ್ನೂ ತೆಗೆಸಿ ಕೆಳಗೆ ಹೊಡೆಸಿದೆ. ಆ ಬಾಗಿಲಿನ ಅಂಗೈಗಳನ್ನು ಅಡುಗೆ ಅಕ್ಕ ಆಗಲೇ ತಿಕ್ಕಿ ತೊಳೆದಿದ್ದಳು.

ಸೋಮವಾರ ಅವರವ್ವ ಅವಳನ್ನು ಕರೆತಂದಳು. ಚಿಕ್ಕವಳು ಯಾರ ಮುಖವನ್ನೂ ನೋಡದೆ ಸೀದಾ ಒಂದನೇ ತರಗತಿಯ ಕೋಣೆಗೆ ಹೋದಳು. ಹಿಂದೆಯೇ ಹೋಗಬೇಕೆಂದು ನಾನು ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಚಿಲಕ ಜಾರಿದ ಸದ್ದು, ಸ್ಪಷ್ಟವಾಗಿ, ಕೇಳಿತು.

ವರಾಂಡದಲ್ಲಿ ನಾನು, ಅವಳ ಅವ್ವ, ಹೆಡ್‌ಮಾಸ್ತರು. "ನೋಡಿದ್ರಾ ಮೇಡಂ, ನಾ ಹೇಳಿದ್ನೋ ಇಲ್ಲೋ" ಎಂದರು ಹೆಡ್‌ಮಾಸ್ತರು. ತಟ್ಟಲು ಹೋದರು. ಅವಳ ಅವ್ವ, "ಇರಲಿ ಬಿಡ್ರಿ ಸರ್, ಇರ್ತಾಳ ಸ್ವಲ್ಪ ಹೊತ್ತು" ಅಂದಳು.

ಹೊರಗೆ ನಿಂತೆ. ಬೆನ್ನ ಹಿಂದೆ ಮೈದಾನ, ಕುಸಿದ ಗೋಡೆಯ ಜಾಗಕ್ಕೆ ಊರವರು ಒಟ್ಟಿದ ಜಾಲಿ ಮುಳ್ಳು, ಅದರಾಚೆ ಗುಡ್ಡ. ಮುಚ್ಚಿದ ಬಾಗಿಲು ಹೊರಗಿಂದ ಹೇಗೆ ಕಾಣುತ್ತದೆಂದು ಆಗ ನೋಡಿದೆ. ಮರದಲ್ಲಿ ಉಗುರಿನ ನಾಲ್ಕು ಗೀರು ಇದ್ದವು. ತಟ್ಟಲಿಲ್ಲ, ಕರೆಯಲೂ ಇಲ್ಲ.

ಚಿಲಕ ಹಿಂದಕ್ಕೆ ಜಾರಿತು. ಬಾಗಿಲು ಸ್ವಲ್ಪ ತೆರೆದು ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಒಳಗ ಬರ್ರಿ" ಅಂದಳು.

ಅಂಗೈ ಒತ್ತುತ್ತೀಯಾ ಎಂದು ಮಧ್ಯಾಹ್ನ ಪಂಚೆ ಹರವಿ ಕೇಳಿದೆ. ಒಲ್ಲೆ ಅಂದಳು. ಸರಿ ಎಂದು ಮಡಿಚಿಟ್ಟೆ. ಇವತ್ತಿಗೂ ಆ ಜಾಗ ಬೆಳ್ಳಗೇ ಇದೆ.

ಅವತ್ತು ಮನೆಗೆ ಬಂದು ಉಂಡು ಮಲಗಿದೆ. ಎಣಿಸಿದೆನೋ ಇಲ್ಲವೋ ನೆನಪಿಲ್ಲ. ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು, ನಮ್ಮವ್ವ ತಲೆದೆಸೆಯಲ್ಲಿ ಚಹಾ ಇಟ್ಟು ಎಬ್ಬಿಸದೆ ಹೋಗಿದ್ದಳು, ಅದು ಆರಿ ಕೆನೆಗಟ್ಟಿತ್ತು. ಏಳೂವರೆಯ ಬಸ್ಸು ಹೋಗಿ ಆಗಿತ್ತು.